ಕುಣಿಯಲು ಹೊರಟ ಬಟ್ಟೆ

ವಿದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂದು ನೋಡುವುದು ನನಗೆ ಬಹಳ ಇಷ್ಟ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ ಒಂದು ಕಡೆ. ಸ್ವೆಟರ್, ಮಫ್ಲರ್, ಉಣ್ಣೆಯ ಕಾಲುಚೀಲ ಇನ್ನೊಂದು ಕಡೆ. ಆಫೀಸಿಗೆ ಇಸ್ತ್ರಿ ಮಾಡಿದ ಅಂಗಿಗಳು, ಯಾರಾದರೂ ಊಟಕ್ಕೆ ಕರೆದರೆ ಇರಲಿ ಎಂದು ಒಂದು ರೇಷ್ಮೆ ಸೀರೆ, ದೇವಸ್ಥಾನ ಸಿಕ್ಕರೆ ಇರಲಿ ಎಂದು ಒಂದು ಚೂಡಿದಾರ. ರಾತ್ರಿ ಕುಣಿಯಲು ಹೋದರೆ ಏನು ಹಾಕಿಕೊಳ್ಳುವುದು ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಹೊಳೆದರೂ ಬಾಯಿಬಿಟ್ಟು ಕೇಳಲು ಸಂಕೋಚ. ಕೊನೆಗೆ ಒಂದು ಶನಿವಾರ ರಾತ್ರಿ ಬರ್ಲಿನ್ನಿನಲ್ಲೋ ಸಿಂಗಪುರದಲ್ಲೋ ಜೊತೆಯವರು ಕರೆಯುತ್ತಾರೆ. ಹಾಕಿಕೊಳ್ಳಲು ಸರಿಯಾದದ್ದೇನೂ ಇಲ್ಲವಲ್ಲ ಎಂದು ನಮ್ಮವರು ಹೋಟೆಲಿನ ಕೋಣೆಯಲ್ಲೇ ಉಳಿದುಬಿಡುತ್ತಾರೆ. ಬಟ್ಟೆಯ ಕಾರಣಕ್ಕೆ ಒಬ್ಬರ ಕುಣಿತ ತಪ್ಪಿತೆಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ನನ್ನದು ಸಿದ್ಧ ಉಡುಪಿನ ಕಸುಬು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿದ ಬಟ್ಟೆಯನ್ನು ಹೊರದೇಶದ ಖರೀದಿದಾರರಿಗೆ ತೋರಿಸಿ, ಆರ್ಡರ್ ಹಿಡಿದು, ಗುಣಮಟ್ಟದ ಜಗಳ ಬಗೆಹರಿಸುವ ಕೆಲಸ. ಹಗಲೆಲ್ಲ ಬಟ್ಟೆಯ ಮಾತು ಆಡಿದ ಮೇಲೆ ರಾತ್ರಿ ಅದೇ ಬಟ್ಟೆ ಮೈಮೇಲೆ ಹೇಗೆ ಬದುಕುತ್ತದೆ ಎಂದು ನೋಡುವ ಆಸೆ. ಹೀಗಾಗಿ ಊರೂರಿನ ಕ್ಲಬ್ಬುಗಳ ಬಾಗಿಲಲ್ಲಿ ನಿಂತಿದ್ದೇನೆ, ಒಳಗೂ ಹೋಗಿದ್ದೇನೆ. ನಾನು ಕುಡಿಯುವುದಿಲ್ಲ. ಕುಣಿಯಲು ಅದೇನೂ ಅಡ್ಡಿಯಲ್ಲ.

ಬಟ್ಟೆಯ ವಿಚಾರವನ್ನು ಕಾಲಿನಿಂದ ಶುರು ಮಾಡಬೇಕು. ಲಂಡನ್ನಾಗಲಿ, ದುಬೈ ಆಗಲಿ, ಬ್ಯಾಂಕಾಕ್ ಆಗಲಿ, ಬಾಗಿಲು ಕಾಯುವವನ ಕಣ್ಣು ಮೊದಲು ಬೀಳುವುದು ಪಾದದ ಮೇಲೆ. ಗಂಡಸರು ಚಪ್ಪಲಿ, ಚಡ್ಡಿಯಲ್ಲಿ ಬಂದರೆ ಬಹಳಷ್ಟು ಕಡೆ ಅಲ್ಲಿಗೇ ಮಾತು ಮುಗಿಯಿತು. ಬ್ಯಾಂಕಾಕಿನ ಲೆಬುವಾ ಹೋಟೆಲಿನ ಮಾಳಿಗೆಯ ಬಾರ್ ನೋಡಲು ನಮ್ಮ ಪ್ರವಾಸಿಗಳು ಹಿಂಡುಹಿಂಡಾಗಿ ಹೋಗುತ್ತಾರೆ. ಹಗಲೆಲ್ಲ ಬಿಸಿಲಲ್ಲಿ ಸುತ್ತಿದ ಚಡ್ಡಿ, ಚಪ್ಪಲಿ, ಬೆನ್ನಚೀಲದಲ್ಲೇ ಹೋದರೆ ಲಿಫ್ಟಿನ ಹತ್ತಿರವೇ ತಡೆಯುತ್ತಾರೆ. ಇದನ್ನು ಬರೀ ದೊಡ್ಡಸ್ತಿಕೆ ಎಂದುಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ಕುಣಿತದ ನೆಲ ಹೇಗಿರುತ್ತದೆ ಎಂದು ಒಮ್ಮೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಚೆಲ್ಲಿದ ಬಿಯರು ಅಂಟಂಟಾಗಿರುತ್ತದೆ, ಒಡೆದ ಗ್ಲಾಸಿನ ಚೂರುಗಳಿರುತ್ತವೆ, ಕತ್ತಲಲ್ಲಿ ಹಿಂದೆ ಸರಿಯುವವರ ಹಿಮ್ಮಡಿ ನಿಮ್ಮ ಬೆರಳ ಮೇಲೇ ಇಳಿಯುತ್ತದೆ. ಮುಂದೆ ಮುಚ್ಚಿದ, ಜಾರದ ಅಟ್ಟೆಯ, ಮೊದಲೇ ಹಾಕಿ ಪಳಗಿಸಿದ ಶೂ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಹೊಸ ಶೂ ಮಾತ್ರ ಬೇಡ. ಅದು ಕಚ್ಚುವುದು ಊರಿನಲ್ಲೇ ಆಗಲಿ.

ಹೆಂಗಸರ ಕಾಲಿನ ಕಥೆ ಬೇರೆ. ಲಂಡನ್ನಿನ ಮೇಫೇರ್ ಬಡಾವಣೆಯ ಕೆಲವು ಕ್ಲಬ್ಬುಗಳಲ್ಲಿ ಹೆಂಗಸರಿಂದ ಹೈಹೀಲ್ಸ್ ನಿರೀಕ್ಷಿಸುತ್ತಾರೆ. ಅದೇ ನಗರದಲ್ಲಿ ಫ್ಯಾರಿಂಗ್ಡನ್ನಿನ ಫ್ಯಾಬ್ರಿಕ್ ಇದೆ, 1999ರಿಂದ ನಡೆಯುತ್ತಿದೆ. ಅಲ್ಲಿಗೆ ಜನ ಹೋಗುವುದು ಸಂಗೀತ ಕೇಳಲು, ಓಡುವ ಶೂ ಹಾಕಿಕೊಂಡು ಹೋದರೂ ಯಾರೂ ಏನೂ ಅನ್ನುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಹೀಲ್ಸ್ ಕೇಳುವ ಬಾಗಿಲಿಗಿಂತ ಸಂಗೀತದ ಬಾಗಿಲು ಮೇಲು. ಹೀಲ್ಸ್ ಇಷ್ಟಪಟ್ಟು ಹಾಕುವವರು ಹಾಕಲಿ, ಆದರೆ ಬೆಳಗಿನ ಜಾವ ಮನೆಗೆ ನಡೆಯುವಾಗ ಹಾಕಿಕೊಳ್ಳಲು ಮಡಿಚಿಡಬಹುದಾದ ಒಂದು ಜೊತೆ ಚಪ್ಪಟೆ ಶೂ ಕೈಚೀಲದಲ್ಲಿರಲಿ. ಶನಿವಾರ ರಾತ್ರಿ ಲಂಡನ್ನಿನ ಬೀದಿಗಳಲ್ಲಿ ಹೀಲ್ಸ್ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವ ಹುಡುಗಿಯರನ್ನು ನೋಡಿದಾಗೆಲ್ಲ ಕರೆದು ಒಂದು ಜೊತೆ ಶೂ ಕೊಡೋಣ ಅನ್ನಿಸುತ್ತದೆ.

ಒಂದು ಊರಿನಲ್ಲಿ ಬಾಗಿಲು ತೆರೆಸುವ ಬಟ್ಟೆಯೇ ಇನ್ನೊಂದು ಊರಿನಲ್ಲಿ ಬಾಗಿಲು ಹಾಕಿಸುತ್ತದೆ. ಇದನ್ನು ಬರ್ಲಿನ್ನಿನಷ್ಟು ಚೆನ್ನಾಗಿ ತೋರಿಸುವ ಊರಿಲ್ಲ. 1989ರಲ್ಲಿ ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಬರ್ಲಿನ್ನಿನಲ್ಲಿ ಕಾರ್ಖಾನೆ, ಗೋದಾಮು, ನೆಲಮಾಳಿಗೆಗಳು ಹಾಗೇ ಖಾಲಿ ಬಿದ್ದಿದ್ದವು. ಎರಡೂ ಕಡೆಯ ಹುಡುಗ ಹುಡುಗಿಯರು ಅಲ್ಲಿ ಸ್ಪೀಕರ್ ತಂದಿಟ್ಟು ಕುಣಿಯತೊಡಗಿದರು. ಟ್ರೆಸರ್ ಎಂಬ ಕ್ಲಬ್ಬು 1991ರಲ್ಲಿ ಶುರುವಾದದ್ದು ಹಳೆಯ ವೆರ್ಟ್‌ಹೈಮ್ ಮಳಿಗೆಯ ಭದ್ರಕೋಣೆಯಲ್ಲಿ, ತಿಜೋರಿಗಳ ಸಾಲಿನ ನಡುವೆ. 2004ರಿಂದ ನಡೆಯುತ್ತಿರುವ ಬೆರ್ಗ್‌ಹೈನ್ ಇರುವುದು ಪೂರ್ವ ಜರ್ಮನಿಯ ಕಾಲದ ಒಂದು ವಿದ್ಯುತ್ ಸ್ಥಾವರದಲ್ಲಿ. ಶನಿವಾರ ರಾತ್ರಿ ಶುರುವಾದ ಕುಣಿತ ಅಲ್ಲಿ ಸೋಮವಾರ ಬೆಳಿಗ್ಗೆಯವರೆಗೂ ನಡೆಯುತ್ತದೆ. ಇಂಥ ಕಡೆ ಹೊಳೆಯುವ ಅಂಗಿ, ಸೂಟು, ದೊಡ್ಡ ಬ್ರಾಂಡಿನ ಹೆಸರು ಬರೆದ ಬೆಲ್ಟು ಹಾಕಿಕೊಂಡು ಹೋದವರು ಊರಿಗೆ ಹೊಸಬರೆಂದು ದೂರದಿಂದಲೇ ತಿಳಿಯುತ್ತದೆ. ಮೇಫೇರಿನಲ್ಲಿ ಬಾಗಿಲು ತೆರೆಸಿದ್ದ ಆ ಅಂಗಿಯೇ ಇಲ್ಲಿ ಅಡ್ಡ ಬರುತ್ತದೆ.

ಬೆರ್ಗ್‌ಹೈನಿನ ಬಾಗಿಲಲ್ಲಿ ವರ್ಷಗಳ ಕಾಲ ನಿಂತವರು ಸ್ವೆನ್ ಮಾರ್ಕ್ವಾರ್ಟ್. 1962ರಲ್ಲಿ ಪೂರ್ವ ಬರ್ಲಿನ್ನಿನಲ್ಲಿ ಹುಟ್ಟಿದವರು, ಮುಖದ ಮೇಲೆ ಹಚ್ಚೆ, ವೃತ್ತಿಯಿಂದ ಛಾಯಾಗ್ರಾಹಕ. ಎದುರಿಗೆ ನಿಂತವರ ಮುಖದಲ್ಲಿ ಏನಿದೆ ಎಂದು ಓದುವುದು ಆ ವೃತ್ತಿಯವರಿಗೆ ಬಂದೇ ಬರುತ್ತದೆ. ಅಲ್ಲಿ ಇಂಥದ್ದೇ ಬಟ್ಟೆ ಎಂಬ ಫಲಕವಿಲ್ಲ, ಬೇಡವೆಂದರೆ ಕಾರಣವನ್ನೂ ಹೇಳುವುದಿಲ್ಲ. ಒಳಗೆ ಬಿಟ್ಟವರ ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ. ಆ ಸ್ಟಿಕ್ಕರಿನಲ್ಲೇ ಬಟ್ಟೆಯ ಮರ್ಮವೂ ಇದೆ. ಫೋಟೊ ಇಲ್ಲವೆಂದ ಮೇಲೆ ನಾಳೆ ಯಾರಿಗೂ ತೋರಿಸುವುದಿಲ್ಲ, ತೋರಿಸಲೆಂದು ಹಾಕಿಕೊಂಡ ಬಟ್ಟೆಗೂ ಅಲ್ಲಿ ಕೆಲಸವಿಲ್ಲ. ಕಪ್ಪು ಟೀ ಶರ್ಟು, ಕಪ್ಪು ಪ್ಯಾಂಟು, ಗಟ್ಟಿ ಬೂಟು ಹಾಕಿ ಬಂದವರು ಕುಣಿಯಲಿಕ್ಕೆ ಬಂದಿದ್ದಾರೆಂದು ಅರ್ಥ. ಬರ್ಲಿನ್ನಿನ ಈ ಟೆಕ್ನೊ ಸಂಗೀತದ ಸಂಸ್ಕೃತಿಯನ್ನು ಜರ್ಮನಿ 2024ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಲಬ್ಬೆಂದರೆ ಹಾಳು ಹುಡುಗರ ಅಡ್ಡೆ ಎಂದು ತೀರ್ಮಾನಿಸಿರುವ ಹಿರಿಯರಿಗೆ ನಾನು ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ.

ಬಾಗಿಲು ಬಟ್ಟೆ ಕೇಳುವುದು ನಮಗೆ ಹೊಸದಲ್ಲ. ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಬನಿಯನ್ನು ಕಳಚಿ ಹೆಗಲಿಗೆ ಹಾಕಿಕೊಂಡೇ ಒಳಗೆ ಹೋಗುತ್ತಾರೆ, ಯಾರಿಗೂ ಅವಮಾನ ಅನ್ನಿಸುವುದಿಲ್ಲ. ಒಳಗೆ ನಡೆಯುವುದಕ್ಕೂ ಮೈಮೇಲೆ ಇರುವುದಕ್ಕೂ ಸಂಬಂಧವಿದೆ ಎಂದು ಒಪ್ಪಿಕೊಂಡಿರುತ್ತೇವೆ. ಕ್ಲಬ್ಬಿನ ಬಾಗಿಲನ್ನೂ ಹಾಗೆಯೇ ಕೇಳಿನೋಡಬೇಕು: ಒಳಗೆ ಏನು ನಡೆಯುತ್ತದೆ? ಕೂತು ಕುಡಿಯುವ ಜಾಗವೋ, ಎದ್ದು ಕುಣಿಯುವ ಜಾಗವೋ, ಒಬ್ಬರನ್ನೊಬ್ಬರು ನೋಡುವ ಜಾಗವೋ? ಇದು ತಿಳಿದರೆ ಬಟ್ಟೆ ತಾನಾಗಿಯೇ ತಿಳಿಯುತ್ತದೆ.

ಇನ್ನು ಕಪ್ಪಿನ ವಿಚಾರ. ಕಪ್ಪು ಹಾಕಿಕೊಂಡರೆ ಎಲ್ಲ ಸರಿ ಎಂದು ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ನಮ್ಮ ಕಾರ್ಖಾನೆಗಳಲ್ಲಿ ಲೈಟ್ ಬಾಕ್ಸ್ ಎಂಬ ಒಂದು ಪೆಟ್ಟಿಗೆ ಇರುತ್ತದೆ. ಒಳಗೆ ಬೂದು ಬಣ್ಣ, ಮೇಲೆ ಬೇರೆ ಬೇರೆ ದೀಪಗಳು: ಹಗಲು ಬೆಳಕಿಗೆ ಡಿ65, ಯುರೋಪಿನ ಅಂಗಡಿ ಬೆಳಕಿಗೆ ಟಿಎಲ್84, ಕೊನೆಗೊಂದು ನೇರಳಾತೀತ ದೀಪ. ಎರಡು ತುಂಡು ಕಪ್ಪು ಬಟ್ಟೆಯನ್ನು ಅದರೊಳಗಿಟ್ಟು ದೀಪ ಬದಲಾಯಿಸಿದರೆ, ಹಗಲಲ್ಲಿ ಅವಳಿಯಂತಿದ್ದವು ಮರುಕ್ಷಣ ಒಂದು ಕೆಂಪಗೆ, ಒಂದು ಹಸಿರಾಗಿ ತಿರುಗುವುದನ್ನು ಕಣ್ಣಾರೆ ನೋಡಬಹುದು. ಒಂದೊಂದು ಬಣ್ಣದ ಮಿಶ್ರಣ ಒಂದೊಂದು ಬೆಳಕಿಗೆ ಒಂದೊಂದು ರೀತಿ ಸ್ಪಂದಿಸುತ್ತದೆ. ಆ ನೇರಳಾತೀತ ದೀಪವೇ ಎಷ್ಟೋ ಕ್ಲಬ್ಬುಗಳ ಚಾವಣಿಯಲ್ಲೂ ಇರುತ್ತದೆ. ಅದರ ಕೆಳಗೆ ನಿಂತರೆ ಕಪ್ಪು ಅಂಗಿಯ ಮೇಲಿನ ಒಂದೊಂದು ನೂಲೆಳೆ, ಟವೆಲಿನಿಂದ ಅಂಟಿಕೊಂಡ ಒಂದೊಂದು ಚೂರು ನೀಲಿಯಾಗಿ ಉರಿಯುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಬಿಳುಪು ಹೆಚ್ಚಿಸಲು ಹಾಕುವ ಪದಾರ್ಥಕ್ಕೆ ಆ ಬೆಳಕಿನಲ್ಲಿ ಹೊಳೆಯುವ ಗುಣವಿದೆ. ಹಾಗಾಗಿ ಬಿಳಿ ಒಳಉಡುಪು ತೆಳು ಕಪ್ಪು ಬಟ್ಟೆಯ ಅಡಿಯಿಂದ ದೀಪ ಹಚ್ಚಿದಂತೆ ಕಾಣುತ್ತದೆ. ಕಪ್ಪಿನ ಅಡಿಯಲ್ಲಿ ಕಪ್ಪೇ ಇರಲಿ. ಹೊರಡುವ ಮೊದಲು ಅಗಲವಾದ ಟೇಪನ್ನು ಅಂಗೈಗೆ ಸುತ್ತಿಕೊಂಡು ಬಟ್ಟೆಯ ಮೇಲೆ ಒತ್ತಿ ಎತ್ತಿದರೆ ನೂಲೆಳೆಗಳೆಲ್ಲ ಬರುತ್ತವೆ. ನಮ್ಮ ಫಿನಿಶಿಂಗ್ ವಿಭಾಗದ ಹೆಣ್ಣುಮಕ್ಕಳು ಪ್ಯಾಕ್ ಮಾಡುವ ಮುನ್ನ ಹೀಗೇ ಮಾಡುವುದು.

ಬಟ್ಟೆಯ ಬಣ್ಣಕ್ಕಿಂತ ಬಟ್ಟೆ ಯಾವುದು ಎನ್ನುವುದು ಮುಖ್ಯ. ಹೊರಗೆ ಹಿಮ ಬೀಳುತ್ತಿದ್ದರೂ ಕ್ಲಬ್ಬಿನೊಳಗೆ ಮಂಗಳೂರಿನ ಮೇ ತಿಂಗಳ ಸೆಕೆ. ನೂರಾರು ಜನರ ಮೈಕಾವು ಒಂದೆಡೆ ಸೇರಿರುತ್ತದೆ. ದಪ್ಪ ಹತ್ತಿ ಬೆವರು ಕುಡಿದು ಭಾರವಾಗುತ್ತದೆ, ಬೆಳಗಿನ ಜಾವ ಹೊರಗೆ ಬಂದಾಗ ಅದೇ ಒದ್ದೆ ಬಟ್ಟೆ ಬೆನ್ನಿಗೆ ತಣ್ಣಗೆ ಅಂಟಿ ನಡುಕ ತರಿಸುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ನಿಜ, ಆದರೆ ವಾಸನೆ ಹಿಡಿದಿಡುತ್ತದೆ. ತೆಳು ಹತ್ತಿ, ಇಲ್ಲವೆ ಹತ್ತಿ ಮತ್ತು ವಿಸ್ಕೋಸ್ ಬೆರೆತ ಬಟ್ಟೆ ಒಳ್ಳೆಯದು. ಬೂದು ಬಣ್ಣದ ಟೀ ಶರ್ಟು ಮಾತ್ರ ಬೇಡ. ಕಂಕುಳ ಬೆವರಿನ ಗುರುತನ್ನು ಅದರಷ್ಟು ಎದ್ದು ತೋರಿಸುವ ಬಣ್ಣ ಇನ್ನೊಂದಿಲ್ಲ. ಚಳಿಗೆಂದು ಹಾಕಿಕೊಂಡ ಕೋಟನ್ನು ಒಳಗೆ ಹೋದೊಡನೆ ಕೌಂಟರಿನಲ್ಲಿ ಕೊಟ್ಟು ಚೀಟಿ ಪಡೆಯಬೇಕು, ಅದಕ್ಕೆಂದೇ ಒಂದೆರಡು ಯೂರೊ ಚಿಲ್ಲರೆ ಇಟ್ಟುಕೊಳ್ಳಬೇಕು. ಜಪಾನಿನ ಕ್ಲಬ್ಬುಗಳಲ್ಲಿ ನಾಣ್ಯ ಹಾಕುವ ಲಾಕರುಗಳೇ ಇರುತ್ತವೆ, ನನಗೆ ಅದು ಬಹಳ ಹಿಡಿಸಿತು.

ಹೆಂಗಸರ ಬಟ್ಟೆಗೆ ಜೇಬು ಇಡದಿರುವ ನಮ್ಮ ಉದ್ಯಮದ ಹಟದ ವಿರುದ್ಧ ನಾನು ಎಷ್ಟೋ ಮೀಟಿಂಗುಗಳಲ್ಲಿ ವಾದಿಸಿದ್ದೇನೆ. ಕ್ಲಬ್ಬಿನಲ್ಲಿ ಆ ವಾದದ ಬೆಲೆ ಗೊತ್ತಾಗುತ್ತದೆ. ಪಾಸ್‌ಪೋರ್ಟ್, ಸ್ವಲ್ಪ ನಗದು, ಕೋಟಿನ ಚೀಟಿ, ಕೋಣೆಯ ಬೀಗದ ಕಾರ್ಡು, ಇಷ್ಟು ಕೈಬೀಸಿ ಕುಣಿಯುವಾಗ ಎಲ್ಲಿರಬೇಕು? ಜೇಬಿಗೆ ಜಿಪ್ ಇರುವ ಪ್ಯಾಂಟು, ಇಲ್ಲವೆ ಎದೆಗಡ್ಡ ಹಾಕುವ ಅಂಗೈಯಗಲದ ಚೀಲ. ದೊಡ್ಡ ಚೀಲವನ್ನು ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟ್ ಯಾಕೆಂದರೆ ವಯಸ್ಸು ನೋಡುತ್ತಾರೆ. ಥಾಯ್ಲೆಂಡ್, ಜಪಾನುಗಳಲ್ಲಿ 20, ದುಬೈಯಲ್ಲಿ 21. ತಲೆ ನೆರೆತವರನ್ನೂ ಕೆಲವು ಕಡೆ ಕೇಳುತ್ತಾರೆ, ತೋರಿಸಿದರಾಯಿತು. ದುಬೈಗೆ ಹೋಗುವ ಹೆಣ್ಣುಮಕ್ಕಳು ಒಂದು ಅಗಲವಾದ ಶಾಲು ಒಯ್ಯಲಿ. ಒಳಗೆ ತೋಳಿಲ್ಲದ ಉಡುಪು ನಡೆಯುತ್ತದೆ, ಹೊರಗೆ ಮೆಟ್ರೊದಲ್ಲಿ ಬರುವಾಗ ಹೆಗಲು ಮುಚ್ಚಿಕೊಂಡಿದ್ದರೆ ಚೆನ್ನ.

ಎಲ್ಲ ಊರೂ ಕಪ್ಪನ್ನೇ ಕೇಳುವುದಿಲ್ಲ. ಸ್ಪೇನಿನ ಇಬಿಜಾ ದ್ವೀಪಕ್ಕೆ ಕಪ್ಪು ಬಟ್ಟೆಯಲ್ಲಿ ಹೋದವರು ಒಲೆಯ ಮುಂದೆ ಕೂತ ಹಾಗೆ ಬೇಯುತ್ತಾರೆ. ಅಲ್ಲಿ ರಾತ್ರಿಯ ಬಣ್ಣ ಬಿಳಿ. ಹಳ್ಳಿಯ ಹೆಂಗಸರ ಹಳೆಯ ಉಡುಗೆಯ ಕಸೂತಿ, ಜಾಲರಿ, ಲಂಗಗಳಿಂದ ಮತ್ತು ಅಲ್ಲಿಗೆ ಬಂದ ಹಿಪ್ಪಿಗಳ ಸಡಿಲ ಬಟ್ಟೆಯಿಂದ ಆಡ್‌ಲಿಬ್ ಎಂಬ ಒಂದು ಶೈಲಿ ಬೆಳೆಯಿತು. 1971ರಿಂದ ಅದರ ಪ್ರದರ್ಶನ ಅಲ್ಲಿ ನಡೆದುಕೊಂಡು ಬಂದಿದೆ. ಸ್ಮಿಲ್ಜಾ ಮಿಹೈಲೊವಿಚ್ ಎಂಬ ಯುಗೊಸ್ಲಾವಿಯಾ ಮೂಲದ ಹೆಣ್ಣುಮಗಳು ಅದನ್ನು ಲೋಕಕ್ಕೆಲ್ಲ ಪರಿಚಯಿಸಿದರು. ಪಾಚಾ ಕ್ಲಬ್ಬು ಅಲ್ಲಿ 1973ರಲ್ಲಿ ತೆರೆಯಿತು. ಕಡಲತೀರದಿಂದ ಬಂದ ತೆಳುವಾದ ಬಿಳಿ ಹತ್ತಿಯಲ್ಲೇ ಜನ ರಾತ್ರಿಯಿಡೀ ಕುಣಿಯುತ್ತಾರೆ. ಹತ್ತಿ ಬೆಳೆಯುವ ಸೀಮೆಯಿಂದ ಹೋದ ನಮಗೆ ಇದಕ್ಕಿಂತ ಹಿತವಾದ ಸುದ್ದಿ ಬೇಕೆ? ಬೇಸಿಗೆಗೆಂದು ಹೊಲಿಸಿದ ಬಿಳಿಯ ಹತ್ತಿ ಕುರ್ತಾ ಅಲ್ಲಿಗೆ ಸಾಕು.

ನಮ್ಮ ಬಟ್ಟೆ ಅಲ್ಲಿಗೆ ಸಲ್ಲುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಸಲ್ಲುತ್ತದೆ. ಮೈಸೂರು ರೇಷ್ಮೆ ಸೀರೆಯಲ್ಲಿ ಲಂಡನ್ನಿನ ಯಾವ ಬಾಗಿಲಿಗೂ ಘನವಾಗಿ ಹೋಗಬಹುದು. ಆದರೆ ಬೆವರಿನ ಉಪ್ಪು ಜರಿಯನ್ನು ಕೆಡಿಸುತ್ತದೆ, ಒಬ್ಬರ ಹಿಮ್ಮಡಿ ನೆರಿಗೆಯ ಮೇಲೆ ಬಿದ್ದರೆ ಮುಗಿಯಿತು. ಸೀರೆಯನ್ನು ಊಟಕ್ಕೆ ಉಳಿಸಿ. ಕುಣಿತಕ್ಕೆ ನನ್ನ ಆಯ್ಕೆ ಗುಳೇದಗುಡ್ಡದ ಖಣ. ಕುಪ್ಪಸಕ್ಕೆಂದು ನೇಯುವ ಆ ಬಟ್ಟೆಯಲ್ಲಿ ನಾನು ಅಸ್ತರಿಲ್ಲದ, ಸಡಿಲ ತೋಳಿನ ಒಂದು ಮೇಲಂಗಿ ಹೊಲಿಸಿಕೊಂಡಿದ್ದೇನೆ. ಕಡುಗೆಂಪು ಒಡಲು, ಅಂಚಿನಲ್ಲಿ ಪಟ್ಟಿ. ಕಪ್ಪು ಪ್ಯಾಂಟಿನ ಮೇಲೆ ಹಾಕಿಕೊಂಡರೆ ಕಪ್ಪಿನ ಗುಂಪಿನಲ್ಲಿ ಸೇರಿಕೊಳ್ಳುತ್ತದೆ, ನಾನು ಎಲ್ಲಿಂದ ಬಂದವಳೆಂದೂ ಹೇಳುತ್ತದೆ. ಬರ್ಲಿನ್ನಿನಲ್ಲಿ ಶೌಚಾಲಯದ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಹುಡುಗಿ ಅನುಮತಿ ಕೇಳಿ ಅಂಚನ್ನು ಮಗುಚಿ ಒಳಹೊಲಿಗೆ ನೋಡಿದಳು. ಹಿಂಬದಿಯಲ್ಲಿ ನೂಲು ತೇಲಿರುವುದನ್ನು ಬೆರಳಿನಿಂದ ಮುಟ್ಟಿ ಇದು ಅಚ್ಚು ಹಾಕಿದ್ದಲ್ಲ, ನೇಯ್ದದ್ದು ಎಂದು ತಾನೇ ಹೇಳಿದಳು. ಅವಳೂ ಹೊಲಿಗೆ ಕಲಿಯುತ್ತಿದ್ದವಳು. ನಮ್ಮ ಸರದಿ ಬರುವವರೆಗೂ ನೇಯ್ಗೆಯ ಮಾತು ನಡೆಯಿತು.

ಹುಡುಗರಿಗೆ ಬರುವ ಕಷ್ಟ ಬೇರೆ. ನನ್ನ ತಂಗಿಯ ಮಗ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾಗ ಒಂದು ರಾತ್ರಿ ಫೋನ್ ಮಾಡಿದ. 'ದೊಡ್ಡಮ್ಮ, ನೀವು ಹೇಳಿದ ಹಾಗೇ ಹಾಕ್ಕೊಂಡು ಹೋದ್ವಿ, ಆದ್ರೂ ಬಿಡ್ಲಿಲ್ಲ' ಎಂದ. ಧ್ವನಿ ಇಳಿದಿತ್ತು. ಹುಡುಗರಷ್ಟೇ ಗುಂಪಾಗಿ ಹೋದರೆ ಎಲ್ಲ ಊರಿನಲ್ಲೂ ಬಾಗಿಲು ಬಿಗಿ. ಇಬ್ಬರು ಮೂವರಾಗಿ ಬಿಡಿಬಿಡಿಯಾಗಿ, ಗಲಾಟೆಯಿಲ್ಲದೆ ಹೋಗುವುದು ಮೇಲು ಎಂದು ಹೇಳಿದೆ. ಅವನು ಸುಮ್ಮನಿದ್ದು, ತಮ್ಮ ಹಿಂದೆಯೇ ಬಂದ ಬಿಳಿ ಹುಡುಗರ ಇಂಥದ್ದೇ ಗುಂಪನ್ನು ಒಳಗೆ ಬಿಟ್ಟರು ಎಂದ. ಅದಕ್ಕೆ ನನ್ನ ಹತ್ತಿರ ಬಟ್ಟೆಯ ಉತ್ತರ ಇರಲಿಲ್ಲ. ಮೈಬಣ್ಣ ನೋಡಿ ಹೊರಗಿಡುವ ಬಾಗಿಲುಗಳು ಇವೆ. ಯಾವ ಶೂ, ಯಾವ ಅಂಗಿ ಹಾಕಿದರೂ ಅವು ತೆರೆಯುವುದಿಲ್ಲ. ಇದು ಅನ್ಯಾಯ ಎಂದು ಆ ದೇಶದ ಕಾನೂನೇ ಹೇಳುತ್ತದೆ. ಜರ್ಮನಿಯಲ್ಲಿ ಸಮಾನ ವರ್ತನೆಯ ಕಾಯ್ದೆ 2006ರಲ್ಲಿ ಬಂತು. 2011ರಲ್ಲಿ, ಡಿಸ್ಕೊ ಒಂದರ ಬಾಗಿಲಲ್ಲಿ ತಡೆಯಲ್ಪಟ್ಟ ಕಪ್ಪು ಹುಡುಗನೊಬ್ಬನಿಗೆ 900 ಯೂರೊ ಪರಿಹಾರ ಕೊಡಬೇಕೆಂದು ಸ್ಟುಟ್‌ಗಾರ್ಟಿನ ಉಚ್ಚ ನ್ಯಾಯಾಲಯ ಹೇಳಿತು.

ದೂರದ ದೇಶದ ಮಾತು ಯಾಕೆ? 2024ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಮಾಲಿನ ಬಾಗಿಲಲ್ಲಿ ತಡೆದರು. ನಾಡೇ ಸಿಟ್ಟಿಗೆದ್ದಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಹತ್ತು ವರ್ಷ ಮೊದಲು, 2014ರಲ್ಲಿ, ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಪಂಚೆಯುಟ್ಟ ಹೈಕೋರ್ಟ್ ನ್ಯಾಯಮೂರ್ತಿಯವರನ್ನೇ ತಡೆದಾಗ ತಮಿಳುನಾಡು ಅಂಥ ನಿರ್ಬಂಧಗಳ ವಿರುದ್ಧ ಕಾನೂನನ್ನೇ ಮಾಡಿತು. ಗಾಜಿನ ಚೂರಿರುವ ನೆಲಕ್ಕೆ ಶೂ ಕೇಳುವುದು ಬೇರೆ, ಸಿನಿಮಾ ನೋಡಲು ಪಂಚೆ ಬೇಡ ಎನ್ನುವುದು ಬೇರೆ. ಮೊದಲನೆಯದಕ್ಕೆ ನಾನು ಸಂತೋಷದಿಂದ ತಲೆಬಾಗುತ್ತೇನೆ. ಎರಡನೆಯದನ್ನು ಎಲ್ಲಿ ಕಂಡರೂ ಪ್ರಶ್ನಿಸಬೇಕು.

ತಿರಸ್ಕಾರದ ಮಾತು ಬಂದಾಗ ನನಗೆ ನ್ಯೂಯಾರ್ಕಿನ ಸ್ಟುಡಿಯೊ 54 ನೆನಪಾಗುತ್ತದೆ. 1977ರಲ್ಲಿ ಸ್ಟೀವ್ ರುಬೆಲ್, ಇಯಾನ್ ಶ್ರೇಗರ್ ಎಂಬ ಗೆಳೆಯರು ತೆರೆದ ಆ ಕ್ಲಬ್ಬಿನ ಮುಂದೆ ಪ್ರತಿ ರಾತ್ರಿ ಜನಜಂಗುಳಿ, ರುಬೆಲ್ ತಾನೇ ನಿಂತು ಇವರು ಬನ್ನಿ, ಅವರು ಬೇಡ ಎಂದು ಆರಿಸುತ್ತಿದ್ದ. ಆ ವರ್ಷದ ಕೊನೆಯ ರಾತ್ರಿ ಗಾಯಕಿ ಗ್ರೇಸ್ ಜೋನ್ಸ್ ಕರೆದಿದ್ದಾರೆಂದು ಷೀಕ್ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಒಳ್ಳೆಯ ಬಟ್ಟೆ ತೊಟ್ಟು ಹೋದರು. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ, ಬಾಗಿಲಲ್ಲೇ ಹಿಂದಕ್ಕೆ ಕಳಿಸಿದರು. ಅವರದೇ ಹಾಡುಗಳಿಗೆ ಜನ ಕುಣಿಯುತ್ತಿದ್ದ ಕಾಲ ಅದು. ಮನೆಗೆ ಮರಳಿ ಆ ಸಿಟ್ಟಿನಲ್ಲೇ ಗಿಟಾರು ಹಿಡಿದು ಕೂತರು. ಹಾಗೆ ಹುಟ್ಟಿದ 'ಲೆ ಫ್ರೀಕ್' 1978ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅವರನ್ನು ತಡೆದ ಬಾಗಿಲು 1980ರ ಫೆಬ್ರವರಿಯಲ್ಲಿ ಮುಚ್ಚಿತು, ಹಾಡು ಇಂದಿಗೂ ಲೋಕದ ಯಾವ ಮೂಲೆಯಲ್ಲಿ ಹಾಕಿದರೂ ಜನ ಎದ್ದು ಕುಣಿಯುತ್ತಾರೆ. ಫೋನಿನಲ್ಲಿ ನಮ್ಮ ಹುಡುಗನಿಗೆ ಈ ಕಥೆ ಪೂರ್ತಿ ಹೇಳಿದೆ. ಮುಂದಿನ ವಾರ ಬೇರೆ ಕ್ಲಬ್ಬಿಗೆ ಹೋಗಿ ಬೆಳಗಿನವರೆಗೆ ಕುಣಿದನಂತೆ.

ಇನ್ನೊಂದು ಅಡ್ಡಿ ವಯಸ್ಸಿನದು, ಅದು ಇರುವುದು ನಮ್ಮ ತಲೆಯಲ್ಲೇ. ಐವತ್ತು ದಾಟಿದ ಮೇಲೆ ಇದೆಲ್ಲ ಯಾಕೆ ಎಂದು ನಮ್ಮ ಅಕ್ಕಂದಿರು ಸೆರಗು ಹೊದ್ದು ಕೂತುಬಿಡುತ್ತಾರೆ. ಬರ್ಲಿನ್ನಿನ ಟೆಕ್ನೊ ಹುಟ್ಟಿದಾಗ ಇಪ್ಪತ್ತರಲ್ಲಿದ್ದವರಿಗೆ ಈಗ ಐವತ್ತು ದಾಟಿದೆ, ಅವರು ಈಗಲೂ ಅಲ್ಲಿ ಕುಣಿಯುತ್ತಿದ್ದಾರೆ. ನೆರೆತ ಕೂದಲು, ಓದುವ ಕನ್ನಡಕ ಅಂಗಿಯ ಕತ್ತಿನಲ್ಲಿ ಸಿಕ್ಕಿಸಿಕೊಂಡಿರುವುದು, ಕಾಲಲ್ಲಿ ಮೆತ್ತನೆಯ ಶೂ. ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ಮದುವೆಯ ಮನೆಯಲ್ಲಿ ಮಕ್ಕಳು ಕೈಹಿಡಿದು ಎಳೆದರೆ ಮಾತ್ರ ನಾಲ್ಕು ಹೆಜ್ಜೆ ಹಾಕುವ ನಮ್ಮ ಹೆಣ್ಣುಮಕ್ಕಳ ಮುಖದಲ್ಲಿ ಆಗ ಬರುವ ಕಳೆಯನ್ನು ನಾನು ಕಂಡಿದ್ದೇನೆ. ಅವರಿಗೆ ಎಳೆಯುವ ಕೈಯೇ ಬೇಕಿಲ್ಲದ ಒಂದು ರಾತ್ರಿ ಸಿಗಬೇಕು.

ಆದ್ದರಿಂದ ಅಕ್ಕಂದಿರೇ, ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲಿಕ್ಕೋ ಹೋದಾಗ ಒಂದು ಶನಿವಾರ ನಿಮಗಾಗಿ ಇಟ್ಟುಕೊಳ್ಳಿ. ಮಗುವನ್ನು ಆ ರಾತ್ರಿ ಅಳಿಯಂದಿರು ನೋಡಿಕೊಳ್ಳಲಿ. ಮಗಳನ್ನೇ ಕೇಳಿ ಸಂಗೀತ ಚೆನ್ನಾಗಿರುವ, ಕೂರಲು ಜಾಗವಿರುವ ಒಂದು ಕ್ಲಬ್ಬು ಆರಿಸಿ. ಸ್ಪೀಕರಿನ ಸದ್ದಿಗೆ ಕಿವಿಗೆ ಹಾಕುವ ಬಿರಡೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹನ್ನೊಂದಕ್ಕೆ ಹೋದರೆ ಸಾಲು ಚಿಕ್ಕದಿರುತ್ತದೆ. ಬರ್ಲಿನ್ನಿನಲ್ಲಿ ಶುಕ್ರವಾರ, ಶನಿವಾರ ರಾತ್ರಿಯಿಡೀ ಸುರಂಗ ರೈಲು ಓಡುತ್ತದೆ, ಲಂಡನ್ನಿನಲ್ಲೂ 2016ರಿಂದ ಕೆಲವು ಮಾರ್ಗಗಳಲ್ಲಿ ಓಡುತ್ತಿದೆ. ಮನೆಗೆ ಬರುವ ಚಿಂತೆಯೂ ಬೇಡ. ಹೋಗಿ ಕುಣಿದು ಬನ್ನಿ.